ಹಳೆ ಗೇರ್ ಆಯಿಲ್ ತೆಗೆದರೆ ಆಟೋಮ್ಯಾಟಿಕ್ ಗಾಡಿ ಕೆಡುತ್ತದೆಯೇ?

ಪ್ರಶ್ನೆ: ಗಾಡಿ 80,000 ಕಿ.ಮೀ. ಓಡಿದೆ. ಬೆಳಿಗ್ಗೆ ಡಿ (ಮುಂದಕ್ಕೆ ಹೋಗುವ ಗೇರ್) ಹಾಕಿದರೆ ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಆಮೇಲೆ ಧಡಕ್ಕಂತ ಹೊರಡ್ತದೆ. ಆಯಿಲ್ ಬದಲಿಸಲು ಹೆದರಿಕೆ. ಹಳೇದನ್ನು ತೆಗೆದರೆ ಗೇರ್‌ಬಾಕ್ಸೇ ಹೋಗ್ತದಂತೆ, ಹೌದಾ?

ಉತ್ತರ: ಇಲ್ಲ ಮಾರಾಯ್ರೆ, ಹೋಗುವುದಿಲ್ಲ. ಗಾಡಿಯ ಹೆಸರು ಮಾತ್ರ ಬದಲಾಗಿ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಹಾಗಾಗಿ ಈ ಸಲ ಬುಡದಿಂದಲೇ ಹೇಳುತ್ತೇನೆ.

ಮೊದಲು ನಿಮ್ಮದು ಯಾವ ಬಗೆಯ ಆಟೋಮ್ಯಾಟಿಕ್ ಎಂದು ನೋಡಿ. ಲಿವರಿನಲ್ಲಿ ಪಿ (ಪಾರ್ಕಿಂಗ್) ಇಲ್ಲದೆ ಆರ್ (ರಿವರ್ಸ್), ಎನ್ (ನ್ಯೂಟ್ರಲ್), ಡಿ, ಎಂ (ಮ್ಯಾನುವಲ್) ಮಾತ್ರ ಇದ್ದರೆ ಅದು ಹೆಚ್ಚಾಗಿ ಎಎಂಟಿ, ಅಂದರೆ ಕ್ಲಚ್ಚನ್ನೂ ಗೇರನ್ನೂ ಯಂತ್ರವೇ ನೋಡಿಕೊಳ್ಳುವ ಗಾಡಿ. ಒಳಗಿರುವುದು ಮಾಮೂಲಿ ಮ್ಯಾನುವಲ್ ಗೇರ್‌ಬಾಕ್ಸ್, ಮಾಮೂಲಿ ಕ್ಲಚ್ ಪ್ಲೇಟ್. ಮಂಗಳೂರಿನ ಲೈಟ್‌ಹೌಸ್ ಹಿಲ್ ಏರಿನ ಟ್ರಾಫಿಕ್ಕಿನಲ್ಲಿ ಬ್ರೇಕ್ ಒತ್ತದೆ ಆಕ್ಸಿಲರೇಟರಿನಲ್ಲೇ ಗಾಡಿಯನ್ನು ತಡೆದು ನಿಲ್ಲಿಸಿದರೆ ಸವೆಯುವುದು ಆ ಪ್ಲೇಟ್. ಅದಕ್ಕೆ ಆಯಿಲ್ ಮದ್ದಲ್ಲ. ಮುಂದಿನದೆಲ್ಲ ಟಾರ್ಕ್ ಕನ್ವರ್ಟರ್ ಗಾಡಿಗಳಿಗೆ, ಅಂದರೆ ಎಂಜಿನ್ನಿನ ಶಕ್ತಿ ಆಯಿಲಿನ ಮೂಲಕ ಗೇರ್‌ಬಾಕ್ಸಿಗೆ ದಾಟುವ ಗಾಡಿಗಳಿಗೆ.

ಈಗ ಆ ಹಟಮಾರಿ ನಂಬಿಕೆ. "ಹಳೆ ಆಯಿಲಿನಲ್ಲಿ ಕ್ಲಚ್ಚಿನ ಪುಡಿ ಬೆರೆತಿರ್ತದೆ, ಗೇರ್ ಹಿಡಿಯುವುದೇ ಆ ಪುಡಿಯಿಂದ" ಎನ್ನುತ್ತಾರೆ. ಕ್ಲಚ್ ಪ್ಲೇಟುಗಳನ್ನು ಒತ್ತಿ ಹಿಡಿಯುವುದು ಪುಡಿಯಲ್ಲ, ಪಂಪಿನ ಒತ್ತಡ. ಪಂಪಿನಿಂದ ವಾಲ್ವ್ ಬಾಡಿಗೆ (ಆಯಿಲನ್ನು ಬೇಕಾದ ಕ್ಲಚ್ಚಿನ ಕಡೆ ತಿರುಗಿಸುವ ಭಾಗ), ಅಲ್ಲಿಂದ ಪಿಸ್ಟನ್ನಿಗೆ ಆ ಒತ್ತಡ ಸಾಗುವುದು ಆಯಿಲಿನ ಮೂಲಕ. ಪುಡಿಯ ಕೆಲಸ ಎರಡೇ: ಫಿಲ್ಟರ್ ಕಟ್ಟುವುದು, ವಾಲ್ವ್ ಬಾಡಿಯ ಸಣ್ಣ ವಾಲ್ವುಗಳು ಅಂಟಿಕೊಳ್ಳುವಂತೆ ಮಾಡುವುದು. ಎರಡರಿಂದಲೂ ಒತ್ತಡ ಕಡಿಮೆಯಾಗುತ್ತದೆ, ಹಿಡಿತ ಸಡಿಲವಾಗುತ್ತದೆ. ಅಂದರೆ ನಂಬಿಕೆ ಹೇಳುವುದಕ್ಕೆ ಸರಿಯಾಗಿ ವಿರುದ್ಧ.

ಹಾಗಾದರೆ ಜನ ನಂಬುವುದೇಕೆ? ಗೇರ್ ಜಾರುವವರೆಗೆ ಯಾರೂ ಆಯಿಲ್ ನೆನಪಿಸಿಕೊಳ್ಳುವುದಿಲ್ಲ. ಜಾರತೊಡಗಿದಾಗ ಪ್ಲೇಟಿನ ಲೈನಿಂಗ್ (ಮೇಲೆ ಅಂಟಿಸಿದ ಹಿಡಿತದ ಪದರ) ಆಗಲೇ ಸವೆದಿರುತ್ತದೆ. ಗಾಬರಿಯಿಂದ ಆಯಿಲ್ ಬದಲಿಸುತ್ತಾರೆ, ತಿಂಗಳಲ್ಲಿ ಗಾಡಿ ನಿಲ್ಲುತ್ತದೆ, ಅಪವಾದ ಹೊಸ ಆಯಿಲಿನ ತಲೆಗೆ. ಸಾಯುತ್ತಿದ್ದ ಗೇರ್‌ಬಾಕ್ಸ್ ಆಯಿಲ್ ಬದಲಿಸದಿದ್ದರೂ ಸಾಯುತ್ತಿತ್ತು.

ಇದರಲ್ಲಿ ಒಂದು ಎಳೆ ಸತ್ಯ ಉಂಟು. ಎಂದೂ ಆಯಿಲ್ ಬದಲಿಸದ ಗೇರ್‌ಬಾಕ್ಸಿಗೆ ಮೆಷಿನ್ ಇಟ್ಟು ಒತ್ತಡದಲ್ಲಿ ಫ್ಲಶ್ ಮಾಡಿದರೆ ತಳದ ಕೊಳೆ ಎದ್ದು ವಾಲ್ವ್ ಬಾಡಿಗೆ ಹೋಗಬಹುದು. ಅದಕ್ಕೇ ಫ್ಲಶ್ ಬೇಡ, ಇಳಿಸಿ ತುಂಬಿಸಿ. ಒಟ್ಟು 8 ಲೀಟರ್ ಹಿಡಿಯುವ ಗೇರ್‌ಬಾಕ್ಸಿನಿಂದ ಕೆಳಗಿನ ಬೋಲ್ಟ್ ತೆಗೆದರೆ ಬರುವುದು ಸುಮಾರು ಮೂರೂವರೆ ಲೀಟರ್. ಉಳಿದದ್ದು ಹೆಚ್ಚಾಗಿ ಟಾರ್ಕ್ ಕನ್ವರ್ಟರಿನಲ್ಲೇ ಕುಳಿತಿರುತ್ತದೆ. ಹೀಗೆ ಒಮ್ಮೆ ಮಾಡಿದರೆ ಹೊಸ ಆಯಿಲಿನ ಪಾಲು 44%. ಕೆಲವು ನೂರು ಕಿ.ಮೀ. ಓಡಿಸಿ ಮತ್ತೊಮ್ಮೆ ಮಾಡಿದರೆ 68%, ಮೂರನೆಯ ಸಲಕ್ಕೆ 82%. ತುಂಬುವ ಬೋಲ್ಟ್ ಬಿಚ್ಚಿಕೊಳ್ಳುತ್ತದೆ ಎಂದು ಖಾತ್ರಿಯಾದ ಮೇಲೆಯೇ ಇಳಿಸುವ ಬೋಲ್ಟಿಗೆ ಕೈ ಹಾಕಿ. ಇಳಿದದ್ದನ್ನು ಅಳೆದು ಅಷ್ಟೇ ತುಂಬಿಸಿ, ವಾಷರ್ ಹೊಸದು ಹಾಕಿ. ಬರಿಯ ಜಾಕ್ ಮೇಲೆ ನಿಂತ ಗಾಡಿಯ ಅಡಿಗೆ ಖಂಡಿತ ಹೋಗಬೇಡಿ. ಆಯಿಲ್ ಯಾವುದೆಂದು ಮ್ಯಾನುವಲ್ ನೋಡಿ ತನ್ನಿ, ಬಣ್ಣ ನೋಡಿ ಅಲ್ಲ. ಸಿವಿಟಿಗೆ (ಗೇರುಗಳ ಬದಲು ಬೆಲ್ಟ್ ಇರುವ ಆಟೋಮ್ಯಾಟಿಕ್) ಸಿವಿಟಿಯ ಆಯಿಲೇ ಆಗಬೇಕು.

"ಲೈಫ್‌ಟೈಮ್ ಆಯಿಲ್" ಎನ್ನುವವರು ಮ್ಯಾನುವಲ್ಲಿನಲ್ಲಿ ಕಠಿಣ ಬಳಕೆಯ ಪುಟ ತೆರೆಯಲಿ. ಏರು, ಸೆಕೆ, ನಿಂತು ಹೊರಡುವ ಟ್ರಾಫಿಕ್, ಮೂರೂ ನಮ್ಮಲ್ಲುಂಟು. 60,000 ಕಿ.ಮೀ.ಗೊಮ್ಮೆ ಬದಲಿಸಿ.

ಇನ್ನು ನಿಮ್ಮ ಬೆಳಗಿನ ತಡ. ಎನ್‌ನಿಂದ ಡಿಗೆ ಹಾಕಿ ಎಣಿಸಿ: ಒಂದೂವರೆ ಸೆಕೆಂಡಿಗಿಂತ ಹೆಚ್ಚಾದರೆ ಮೊದಲ ಅನುಮಾನ ಆಯಿಲ್ ಕಡಿಮೆಯಾಗಿರುವುದರ ಮೇಲೆ. ಸಮತಟ್ಟಾದ ಜಾಗದಲ್ಲಿ, ಬಿಸಿಯಾದ ಎಂಜಿನ್ ಓಡುತ್ತಿರುವಾಗ, ಬ್ರೇಕ್ ಒತ್ತಿ ಎಲ್ಲ ಗೇರಿಗೂ ಒಮ್ಮೆ ಹಾಕಿ ಪಿಗೆ ಬನ್ನಿ. ಡಿಪ್‌ಸ್ಟಿಕ್ ಒರೆಸಿ, ಮತ್ತೆ ಅದ್ದಿ ನೋಡಿ. ಕೆಲವು ಹೋಂಡಾಗಳಲ್ಲಿ ಎಂಜಿನ್ ಆರಿಸಿದ ಒಂದೂವರೆ ನಿಮಿಷದೊಳಗೆ ನೋಡಬೇಕು. ಡಿಪ್‌ಸ್ಟಿಕ್ಕೇ ಇಲ್ಲದಿದ್ದರೆ ಆಯಿಲಿನ ಉಷ್ಣತೆ ಅಳೆದು ನೋಡಬೇಕಾಗುತ್ತದೆ, ಅದು ವರ್ಕ್‌ಶಾಪಿನ ಕೆಲಸ.

ಹೊಸ ಕೆಂಪು ಆಯಿಲ್ ಪುನರ್ಪುಳಿ ಶರಬತ್ತಿನ ಹಾಗೆ ತಿಳಿಯಾಗಿರುತ್ತದೆ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಪ್ಲೇಟ್ ಸುಟ್ಟಿದೆ. ಹಾಲು ಬೆರೆಸಿದಂತೆ ಗುಲಾಬಿಯಾಗಿದ್ದರೆ ನೀರು ಸೇರಿದೆ: ರೇಡಿಯೇಟರಿನೊಳಗಿನ ಕೂಲರ್ ಸೋರಿರಬಹುದು, ಇಲ್ಲವೇ ಕೊಟ್ಟಾರ ಚೌಕಿಯಲ್ಲಿ ನಿಂತ ಮಳೆನೀರು ಬ್ರೀದರಿನಿಂದ (ಗೇರ್‌ಬಾಕ್ಸಿನ ಗಾಳಿಕಿಂಡಿ) ಒಳಹೋಗಿರಬಹುದು. ಅಂಥ ಗಾಡಿ ಸ್ಟಾರ್ಟ್ ಮಾಡಬೇಡಿ. ನೀರಿಗೆ ಲೈನಿಂಗಿನ ಅಂಟು ಬಿಡುತ್ತದೆ.

ಆಯಿಲ್ ಸರಿಯಿದ್ದೂ ಜರ್ಕ್ ಇದ್ದರೆ ಗೇರ್‌ಬಾಕ್ಸಿನ ಕಂಪ್ಯೂಟರಿಗೆ ಕರೆಂಟ್ ಕೊಡುವ ಬ್ಯಾಟರಿ ನೋಡಿ: ರಾತ್ರಿಯಿಡೀ ನಿಂತ ಮೇಲೆ 12.4 ವೋಲ್ಟಿಗಿಂತ ಕೆಳಗೆ ಇರಬಾರದು. ಕಡಲತೀರದ ಉಪ್ಪುಗಾಳಿಗೆ ಕನೆಕ್ಟರಿನ ಪಿನ್ನುಗಳು ಹಸಿರುಗಟ್ಟುತ್ತವೆ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆಯಿರಿ. ಅಗ್ಗದ ಸ್ಕ್ಯಾನರ್ (ದೋಷದ ಕೋಡ್ ಓದುವ ಸಾಧನ) ಪಿ0700 ಎಂಬ ಕೋಡ್ ತೋರಿಸಿದರೆ ಗೇರ್‌ಬಾಕ್ಸ್ ಹೋಯಿತೆಂದಲ್ಲ. ನಿಜವಾದ ಕೋಡ್ ಗೇರ್‌ಬಾಕ್ಸಿನ ಕಂಪ್ಯೂಟರಿನಲ್ಲಿ ಉಂಟು ಎಂದಷ್ಟೇ ಅದರ ಅರ್ಥ.

ಕೇಳದಿದ್ದರೂ ಒಂದು ಹೇಳಬೇಕು. ಮಣಿಪಾಲದ ಇಳಿಜಾರಿನಲ್ಲಿ ನಿಲ್ಲಿಸಿದ ಗಾಡಿ ಪಿಯಿಂದ ಹೊರಬರುವಾಗ ಠಕ್ಕೆನ್ನುವುದು ಗೇರ್‌ಬಾಕ್ಸಿನ ರೋಗವಲ್ಲ. ಗಾಡಿಯ ಭಾರವನ್ನೆಲ್ಲ ಪಾರ್ಕಿಂಗ್ ಲಾಕಿನ ಒಂದು ಸಣ್ಣ ಹಲ್ಲು ಹೊತ್ತಿರುತ್ತದೆ, ಬಿಡುವಾಗ ಸದ್ದಾಗುತ್ತದೆ. ಬ್ರೇಕ್ ಒತ್ತಿಕೊಂಡು ಎನ್ ಹಾಕಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಕಾಲು ಮೆಲ್ಲಗೆ ಸಡಿಲಿಸಿ, ಭಾರ ಹ್ಯಾಂಡ್‌ಬ್ರೇಕಿಗೆ ಕುಳಿತ ಮೇಲೆ ಮತ್ತೆ ಬ್ರೇಕ್ ಒತ್ತಿ ಪಿ ಹಾಕಿ. ಹೊರಡುವಾಗ ಮೊದಲು ಪಿ ಬಿಡಿಸಿ, ಹ್ಯಾಂಡ್‌ಬ್ರೇಕ್ ಆಮೇಲೆ ಇಳಿಸಿ.