ಟ್ರ್ಯಾಕ್ ಕಾರಿಗೆ ಒಂದು ಟರ್ಬೊ ಸಾಕೇ, ಎರಡು ಬೇಕೇ?

ಪ್ರಶ್ನೆ: ನಾನು ಚಿಕ್ಕಮಗಳೂರಿನವನು. ನಾಲ್ಕು ಸಿಲಿಂಡರ್‌ನ ಪೆಟ್ರೋಲ್ ಕಾರನ್ನು ಟ್ರ್ಯಾಕ್‌ಗೆ ಸಿದ್ಧಪಡಿಸುತ್ತಿದ್ದೇನೆ. ಒಂದು ದೊಡ್ಡ ಟರ್ಬೊ ಹಾಕಿಸಲೇ, ಎರಡು ಚಿಕ್ಕವನ್ನೇ? ಎರಡಿದ್ದರೆ ಬೂಸ್ಟ್ ಇಮ್ಮಡಿಯಾಗುತ್ತದಂತೆ, ನಿಜವೇ?

ನಾಲ್ಕು ಸಿಲಿಂಡರ್ ಎಂದಮೇಲೆ ಒಂದೇ ಟರ್ಬೊ, ಅದೂ ಟ್ವಿನ್ ಸ್ಕ್ರಾಲ್ (ಹೊಗೆ ಬರಲು ಎರಡು ದಾರಿಯಿರುವ) ಬಗೆಯದು. ಉತ್ತರ ಇಷ್ಟೇ. ಆದರೆ ಆ 'ಇಮ್ಮಡಿ' ಎಂಬ ಮಾತಿದೆಯಲ್ಲ, ಊರಿನಲ್ಲಿ ರ್‍ಯಾಲಿ ನಡೆದಾಗಲೆಲ್ಲ ಅದು ಮತ್ತೆ ತಲೆ ಎತ್ತುತ್ತದೆ. ಎಷ್ಟು ಸಲ ಬಿಡಿಸಿ ಹೇಳಿದ್ದೇನೋ ಲೆಕ್ಕವಿಲ್ಲ. ಇನ್ನೊಮ್ಮೆ ಹೇಳುತ್ತೇನೆ. ಟರ್ಬೊ ಎಂದರೆ ಎಂಜಿನ್ನಿನ ಹೊಗೆಯ ಬಲದಿಂದ ಚಕ್ರ ತಿರುಗಿಸಿ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ; ಆ ಹೆಚ್ಚುವರಿ ಒತ್ತಡವೇ ಬೂಸ್ಟ್.

ಕಾಫಿ ಹೂವಿಗೆ ನೀರು ಹೊಡೆಯುವ ದಿನಗಳನ್ನು ನೆನಪಿಸಿಕೊಳ್ಳಿ. ಕೆರೆ ದಡದಲ್ಲಿ ಒಂದೇ ಶಕ್ತಿಯ ಎರಡು ಪಂಪುಗಳನ್ನು ಅಕ್ಕಪಕ್ಕ ಇಟ್ಟು, ಎರಡರ ನೀರನ್ನೂ ಒಂದೇ ಪೈಪಿಗೆ ಸೇರಿಸಿದ ಮಾತ್ರಕ್ಕೆ ಗೇಜಿನ ಮುಳ್ಳು ಇಮ್ಮಡಿ ಏರುವುದಿಲ್ಲ. ಹೆಚ್ಚು ಜೆಟ್‌ಗಳನ್ನು ಓಡಿಸಬಹುದು, ಅಷ್ಟೇ. ಜೋಡಿ ಟರ್ಬೊಗಳೂ ಒಂದೇ ಮ್ಯಾನಿಫೋಲ್ಡಿಗೆ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಗೆ) ಗಾಳಿ ತುಂಬುತ್ತವೆ. ಒಂದೊಂದೂ 1 ಬಾರ್ (ಸುಮಾರು ಸಮುದ್ರಮಟ್ಟದ ಗಾಳಿಯಷ್ಟು ಒತ್ತಡ) ಕೊಟ್ಟರೆ ಮ್ಯಾನಿಫೋಲ್ಡಿನಲ್ಲಿರುವುದೂ 1 ಬಾರ್. ಕೂಡುವುದು ಗಾಳಿಯ ಪ್ರಮಾಣ, ಒತ್ತಡವಲ್ಲ. ಗುಡ್ಡದ ತೋಟಕ್ಕೆ ನೀರೇರಿಸಲು ಒಂದು ಪಂಪಿನ ನೀರನ್ನು ಇನ್ನೊಂದರ ಬಾಯಿಗೆ ಕೊಡುವಂತಹ ಜೋಡಣೆ ಟರ್ಬೊಗಳಲ್ಲಿಯೂ ಇದೆ. ಅಲ್ಲಿ ಒತ್ತಡ ಏರುವುದು ನಿಜ, ಆದರೆ ಅದು ಹೆಚ್ಚಾಗಿ ಡೀಸೆಲ್ ಎಂಜಿನ್‌ಗಳದ್ದು.

ಈ ನಂಬಿಕೆಗೆ ಒಬ್ಬ ತಮ್ಮನಿದ್ದಾನೆ: ಚಿಕ್ಕವು ಎರಡಿದ್ದರೆ ಲ್ಯಾಗ್ (ಪೆಡಲ್ ತುಳಿದ ಮೇಲೆ ಬೂಸ್ಟ್ ಬರುವವರೆಗಿನ ತಡ) ಇರುವುದೇ ಇಲ್ಲವಂತೆ. ಇದರಲ್ಲಿ ಅರ್ಧ ನಿಜವಿದೆ. ಅದೇ ಆಕಾರದ ಚಕ್ರದ ವ್ಯಾಸ ಅರ್ಧವಾದರೆ ಅದರ ತಿರುಗು ಜಡತ್ವ 32ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆದರೆ ಅದನ್ನು ತಿರುಗಿಸುವ ಹೊಗೆಯೂ ಅರ್ಧವಾಯಿತಲ್ಲ! ಒಂದೊಂದು ಟರ್ಬೊಗೆ ಎರಡೇ ಸಿಲಿಂಡರ್. ಚಕ್ರ ಚಿಕ್ಕದಾದಷ್ಟೂ ಅಂಚಿನ ಸಂದಿಯಲ್ಲಿ ಸೋರುವ ಪಾಲು ಹೆಚ್ಚು. ಜೊತೆಗೆ ಎರಡು ಸೆಟ್ ಆಯಿಲ್ ಪೈಪು, ಎರಡರಷ್ಟು ಜೋಡಣೆ. ಟ್ವಿನ್ ಸ್ಕ್ರಾಲ್‌ನಲ್ಲಿ 1 ಮತ್ತು 4ನೇ ಸಿಲಿಂಡರ್‌ಗಳ ಹೊಗೆ ಒಂದು ದಾರಿಯಲ್ಲಿ, 2 ಮತ್ತು 3ರದು ಇನ್ನೊಂದರಲ್ಲಿ ಬಂದು ಒಂದೇ ಚಕ್ರವನ್ನು ತಳ್ಳುತ್ತವೆ; ಒಂದರ ಮಿಡಿತ ಇನ್ನೊಂದನ್ನು ಕೆಡಿಸುವುದಿಲ್ಲ. ಮಿತ್ಸುಬಿಷಿ ಇವೊ ಕಾರಿನ 2 ಲೀಟರ್ ಎಂಜಿನ್ ಹೆಸರು ಮಾಡಿದ್ದು ಇಂತಹ ಒಂದೇ ಟರ್ಬೊದಿಂದ.

ನಿಸ್ಸಾನ್ ಜಿಟಿ-ಆರ್‌ಗೆ ಎರಡು ಏಕೆ? ಅದು 3.8 ಲೀಟರ್‌ನ ವಿ6. ಸಿಲಿಂಡರ್‌ಗಳು ಎರಡು ಸಾಲಾಗಿ ಕುಳಿತಿವೆ, ಸಾಲಿಗೊಂದು ಟರ್ಬೊ ಸಹಜವಾಗಿ ಹೊಂದುತ್ತದೆ. 1993ರ ಟೊಯೋಟಾ ಸುಪ್ರಾದಲ್ಲಿ ಟರ್ಬೊಗಳು ಒಂದಾದ ಮೇಲೊಂದು ಕೆಲಸಕ್ಕಿಳಿಯುತ್ತವೆ; ಎರಡನೆಯ ಟರ್ಬೊ ಪೂರ್ತಿ ಸೇರಿಕೊಳ್ಳುವುದು ಸುಮಾರು 4,000 ಆರ್‌ಪಿಎಂ ಹೊತ್ತಿಗೆ. ಟ್ರ್ಯಾಕ್‌ನಲ್ಲಿ ಎಂಜಿನ್ ಬಹುಪಾಲು ಅದಕ್ಕಿಂತ ಮೇಲೆಯೇ ಇರುತ್ತದೆ. ಅದಕ್ಕೇ ಎಷ್ಟೋ ಜನ ಆ ಜೋಡಿಯನ್ನು ಕಿತ್ತು ದೊಡ್ಡದೊಂದನ್ನು ಕೂರಿಸುತ್ತಾರೆ.

ನೀವು ಕೇಳದ, ಕೇಳಬೇಕಿದ್ದ ಪ್ರಶ್ನೆ ಇನ್ನೊಂದಿದೆ: ಟ್ಯೂನಿಂಗ್ (ಬೂಸ್ಟ್, ಇಂಧನ, ಕಿಡಿಗಳ ಹೊಂದಾಣಿಕೆ) ಎಲ್ಲಿ ಮಾಡಿಸುತ್ತೀರಿ? ನಮ್ಮ ಊರು ಸಮುದ್ರಮಟ್ಟದಿಂದ 1,000 ಮೀಟರ್‌ಗೂ ಮೇಲಿದೆ. ಇಲ್ಲಿನ ಗಾಳಿಯ ಒತ್ತಡ ಸುಮಾರು 0.9 ಬಾರ್. ಸ್ಪ್ರಿಂಗ್ ನಂಬಿದ ವೇಸ್ಟ್‌ಗೇಟ್ (ಹೆಚ್ಚಾದ ಹೊಗೆಯನ್ನು ಚಕ್ರಕ್ಕೆ ತಾಗಿಸದೆ ಬಿಟ್ಟು ಬೂಸ್ಟನ್ನು ಮಿತಿಯಲ್ಲಿಡುವ ಬಾಗಿಲು) ಒತ್ತಡ ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಎಂಬುದನ್ನಷ್ಟೇ ಅರಿಯುತ್ತದೆ. ಗೇಜು 1 ಬಾರ್ ತೋರಿಸುವಾಗ ಎಂಜಿನ್‌ಗೆ ಇಲ್ಲಿ ಸಿಗುವುದು ಒಟ್ಟು 1.9, ಚೆನ್ನೈ ಟ್ರ್ಯಾಕ್‌ನಲ್ಲಿ 2. ಮೇಲೆ ಅಲ್ಲಿನ ಬಿಸಿಲು. ಇಲ್ಲಿ ತಣ್ಣನೆಯ ಬೆಳಗಿನಲ್ಲಿ ಅಂಚಿನವರೆಗೆ ಒತ್ತಿ ಮಾಡಿಸಿದ ಟ್ಯೂನ್ ಅಲ್ಲಿ ನಾಕ್ (ಸಿಲಿಂಡರಿನಲ್ಲಿ ಇಂಧನ ತಾನಾಗಿಯೇ ಸಿಡಿಯುವುದು) ಹೊಡೆದು ಪಿಸ್ಟನ್ ತಿನ್ನಬಹುದು. ಅಲ್ಲಿಗೆ ಹೋದಮೇಲೆ ಮೊದಲ ಸುತ್ತುಗಳನ್ನು ಕಡಿಮೆ ಬೂಸ್ಟ್‌ನಲ್ಲಿ ಓಡಿಸಿ, ನಾಕ್ ದಾಖಲೆ ನೋಡಿದ ಮೇಲೆಯೇ ಏರಿಸಿ.