ಬೆನ್ನಿಗೆ ಇಂಜೆಕ್ಷನ್ ಕೊಟ್ಟ ಮೇಲಿನ ಹತ್ತು ನಿಮಿಷ

ಸಿಸೇರಿಯನ್‌ಗೆ ಈಗ ಹೆಚ್ಚಾಗಿ ಕೊಡುವುದು ಸ್ಪೈನಲ್ ಅನಸ್ತೇಸಿಯಾ, ಜನ ಹೇಳುವ ಹಾಗೆ 'ಬೆನ್ನಿಗೆ ಇಂಜೆಕ್ಷನ್'. ಸೊಂಟದ ಮೂರು-ನಾಲ್ಕನೆಯ ಅಥವಾ ನಾಲ್ಕು-ಐದನೆಯ ಕಶೇರುಗಳ ನಡುವೆ 25 ಇಲ್ಲವೇ 26 ಗೇಜಿನ ತೆಳು ಸೂಜಿ. ಬೆನ್ನುಹುರಿ ಅದಕ್ಕಿಂತ ಮೇಲೆಯೇ ಮುಗಿದಿರುತ್ತದೆ, ಆ ಭಯ ಬೇಡ. ಸೂಜಿಯಿಂದ ತಿಳಿನೀರಿನಂಥ ದ್ರವ ತೊಟ್ಟಿಕ್ಕಿದ ಮೇಲೆ ಮರಗಟ್ಟಿಸುವ ಔಷಧಿ, 0.5% 'ಹೆವಿ' ಬುಪಿವಕೇನ್, ಸುಮಾರು 2 ಮಿ.ಲೀ., ಅಂದರೆ 10 ಮಿ.ಗ್ರಾಂ. ಔಷಧಿ ಇಷ್ಟೇ. ತೊಂದರೆ ಬರುವುದಿದ್ದರೆ ಅದರಲ್ಲಿ ಹೆಚ್ಚಿನದು ಮುಂದಿನ ಹತ್ತು ನಿಮಿಷದಲ್ಲೇ ಬರುತ್ತದೆ, ಮತ್ತು ಅದನ್ನು ಮಾನಿಟರ್‌ಗಿಂತ ಮೊದಲು ತಾಯಿಯೇ ಹೇಳುತ್ತಾಳೆ.

"ಡಾಕ್ಟ್ರೇ, ಹೊಟ್ಟೆ ತೊಳೆಸಿದ ಹಾಗಾಗ್ತಿದೆ." ಈ ಮಾತು ಕೇಳಿದ ಕೂಡಲೇ ವಾಂತಿಯ ಇಂಜೆಕ್ಷನ್‌ಗೆ ಕೈ ಹಾಕುವುದು ತಪ್ಪು. ಅದು ಬಹುತೇಕ ಬಿ.ಪಿ. ಕುಸಿಯುತ್ತಿರುವ ಸೂಚನೆ. ರಕ್ತನಾಳಗಳನ್ನು ಬಿಗಿಯಾಗಿಡುವ ನರಗಳೂ ಔಷಧಿಯಿಂದ ಮರಗಟ್ಟುವುದರಿಂದ ನಾಳಗಳು ಸಡಿಲವಾಗಿ, ರಕ್ತ ಕೆಳಭಾಗದಲ್ಲೇ ಉಳಿದುಬಿಡುತ್ತದೆ. ಜೊತೆಗೆ ತುಂಬಿದ ಗರ್ಭಕೋಶ ದೊಡ್ಡ ಅಭಿಧಮನಿಯನ್ನು ಅದುಮುತ್ತಿರುತ್ತದೆ. ಆದ್ದರಿಂದ ಬಲ ಸೊಂಟದ ಕೆಳಗೆ ಒಂದು ಮಡಿಕೆ ಬಟ್ಟೆ ಇಟ್ಟು ಸುಮಾರು 15 ಡಿಗ್ರಿ ಎಡಕ್ಕೆ ವಾಲಿಸಬೇಕು. ಡ್ರಿಪ್ ಅನ್ನು ಗಂಟೆ ಮುಂಚೆ ಹಾಕಿ ಮುಗಿಸುವುದಕ್ಕಿಂತ ಇಂಜೆಕ್ಷನ್ ಕೊಡುವ ಹೊತ್ತಿಗೇ ವೇಗವಾಗಿ ಬಿಡುವುದು ಲಾಭ. ಬಿ.ಪಿ. ನಿಮಿಷಕ್ಕೊಮ್ಮೆ. ನಾಳಗಳನ್ನು ಬಿಗಿಸಿ ಬಿ.ಪಿ. ಏರಿಸುವ ಫಿನೈಲೆಫ್ರಿನ್ 50ರಿಂದ 100 ಮೈಕ್ರೋಗ್ರಾಂ ಸಿರಿಂಜಿನಲ್ಲಿ ಮೊದಲೇ ಸಿದ್ಧವಿರಲಿ. ಆದರೆ ನಾಡಿಯೂ ನಿಧಾನವಾಗಿದ್ದರೆ ಅದು ಬೇಡ, ಇನ್ನೂ ಇಳಿಸುತ್ತದೆ. ಆಗ ಮೆಫೆಂಟರ್ಮಿನ್ 6 ಮಿ.ಗ್ರಾಂ., ನಾಡಿ ತೀರಾ ಬಿದ್ದರೆ ಅಟ್ರೋಪಿನ್ 0.6 ಮಿ.ಗ್ರಾಂ.

ಬಿ.ಪಿ. ಇಳಿಯಿತೆಂದು ಗಾಬರಿಯಲ್ಲಿ ಟೇಬಲ್ಲಿನ ತಲೆಯ ಕಡೆ ತಗ್ಗಿಸುವವರಿದ್ದಾರೆ. 'ಹೆವಿ' ಔಷಧಿಯಲ್ಲಿ ಗ್ಲೂಕೋಸ್ ಬೆರೆತಿದೆ, ಅದು ಬೆನ್ನಿನ ದ್ರವಕ್ಕಿಂತ ಭಾರ. ತಲೆ ತಗ್ಗಿಸಿದರೆ ಎದೆಯ ಕಡೆಗೇ ಹರಿದುಹೋಗುತ್ತದೆ. ಕಾಲು ಎತ್ತಿ, ತಲೆ ತಗ್ಗಿಸಬೇಡಿ.

ಎರಡನೆಯ ದೂರು: "ಉಸಿರಾಡೋಕೆ ಆಗ್ತಿಲ್ಲ." ಮೊಲೆತೊಟ್ಟಿನ ಮಟ್ಟದವರೆಗೆ ಮರಗಟ್ಟಿದಾಗ ಎದೆ ಏರಿಳಿಯುವುದು ಅವಳಿಗೆ ಗೊತ್ತಾಗುವುದಿಲ್ಲ. ಆದರೆ ಎದೆ-ಹೊಟ್ಟೆಗಳ ನಡುವಿನ ಉಸಿರಾಟದ ಸ್ನಾಯು, ವಪೆ, ಕೆಲಸ ಮಾಡುತ್ತಲೇ ಇರುತ್ತದೆ. ಹಾಗಾದರೆ ನಿಜವಾದ ಅಪಾಯ ಯಾವಾಗ? "ನನ್ನ ಬೆರಳು ಗಟ್ಟಿಯಾಗಿ ಹಿಡೀರಿ ಅಮ್ಮಾ, ನಿಮ್ಮ ಹೆಸರು ಜೋರಾಗಿ ಹೇಳಿ" ಅನ್ನಿ. ಹಿಡಿತ ಬಿಗಿ, ದನಿ ಸ್ಪಷ್ಟ ಇದ್ದರೆ ಮಾಸ್ಕ್‌ನಲ್ಲಿ ಆಮ್ಲಜನಕ ಕೊಟ್ಟು ಧೈರ್ಯ ಹೇಳಿದರೆ ಸಾಕು. ಬೆರಳು ಜುಮುಗುಟ್ಟಿ, ಹಿಡಿತ ಸಡಿಲಾಗಿ, ದನಿ ಪಿಸುಮಾತಿಗಿಳಿದರೆ ಔಷಧಿ ಕತ್ತಿನ ನರಗಳ ಹತ್ತಿರ ಬಂದಿದೆ. ಕಾಯಬಾರದು. ಬ್ಯಾಗ್-ಮಾಸ್ಕ್‌ನಿಂದ ಉಸಿರು ಕೊಟ್ಟು, ಶ್ವಾಸನಾಳಕ್ಕೆ ಟ್ಯೂಬ್ ಹಾಕಿ, ಬಿ.ಪಿ. ಹಿಡಿದು ನಿಲ್ಲಿಸಿದರೆ ಒಂದೆರಡು ಗಂಟೆಯಲ್ಲಿ ಪರಿಣಾಮ ತಾನಾಗಿ ಇಳಿಯುತ್ತದೆ. ಒಂದು ಮಾತು: ಅವಳ ಬಾಯಿ ನಿಂತಿರಬಹುದು, ಎಚ್ಚರ ಇರಬಹುದು. ನಿದ್ರೆಯ ಔಷಧಿ ಸ್ವಲ್ಪವಾದರೂ ಕೊಡದೆ ಟ್ಯೂಬ್ ಹಾಕುವುದು ಕ್ರೌರ್ಯ.

ಇದಕ್ಕಿಂತ ಕೆಟ್ಟದ್ದು ಆಂಪೂಲ್ (ಔಷಧಿಯ ಪುಟ್ಟ ಸೀಸೆ) ಅದಲುಬದಲು. ರಕ್ತಸ್ರಾವಕ್ಕೆ ಕೊಡುವ ಟ್ರಾನೆಕ್ಸಾಮಿಕ್ ಆಮ್ಲದ ಕೆಲವು ಆಂಪೂಲ್‌ಗಳು ನೋಡಲು ಬುಪಿವಕೇನ್‌ನಂತೆಯೇ ಇರುತ್ತವೆ. ಅದು ಬೆನ್ನಿಗೆ ಹೋದರೆ ಕಾಲು ಮರಗಟ್ಟುವ ಬದಲು ನೋವು, ಸೆಳೆತ, ಅಪಸ್ಮಾರ, ಹೃದಯದ ಲಯ ತಪ್ಪುವುದು, ಜೀವವೂ ಹೋಗಬಹುದು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಇದರ ಬಗ್ಗೆ ಎಚ್ಚರಿಕೆ ಹೊರಡಿಸಿತು. ಉಪಾಯ ಸರಳ: ಆ ಔಷಧಿ ಅನಸ್ತೇಸಿಯಾ ಟ್ರಾಲಿಯ ಮೇಲೆ ಇರಲೇಬಾರದು, ಮತ್ತು ಆಂಪೂಲ್ ಒಡೆಯುವ ಮುಂಚೆ ಹೆಸರನ್ನು ಇಬ್ಬರು ಗಟ್ಟಿಯಾಗಿ ಓದಬೇಕು. ಗಡಿಬಿಡಿಯ ರಾತ್ರಿಯಲ್ಲೂ.

ಇನ್ನು ವಾರ್ಡಿನ ಮಾತು. 24 ಗಂಟೆ ದಿಂಬಿಲ್ಲದೆ ಚಪ್ಪಟೆಯಾಗಿ ಮಲಗಿಸುವ ಪದ್ಧತಿ ಎಷ್ಟೋ ಕಡೆ ಇನ್ನೂ ಇದೆ. ಅದರಿಂದ ತಲೆನೋವು ತಪ್ಪುವುದಿಲ್ಲ, ಬಾಣಂತಿಗೆ ಮಗುವಿಗೆ ಹಾಲೂಡಿಸಲು ಮಾತ್ರ ಕಷ್ಟ. ತಲೆನೋವು ಬರುವುದು ಸೂಜಿ ಮಾಡಿದ ತೂತಿನಿಂದ ದ್ರವ ಸೋರಿದಾಗ. ಪೆನ್ಸಿಲ್ ಮೊನೆಯಂಥ ತುದಿಯ ಸೂಜಿ ಎಳೆಗಳನ್ನು ಕತ್ತರಿಸದೆ ಸರಿಸಿಕೊಂಡು ಹೋಗುವುದರಿಂದ ಸೋರಿಕೆ ಕಡಿಮೆ. ಅಷ್ಟಕ್ಕೂ ನೋವು ಬಂದರೆ ಗುರುತು ಸುಲಭ: ಕೂತರೆ ಹೆಚ್ಚು, ಮಲಗಿದರೆ ಕಡಿಮೆ. ಮಾತ್ರೆಗೆ ಬಗ್ಗದಿದ್ದರೆ ಅವಳದೇ ತೋಳಿನಿಂದ 15ರಿಂದ 20 ಮಿ.ಲೀ. ರಕ್ತ ತೆಗೆದು ಬೆನ್ನಿನಲ್ಲಿ ದ್ರವದ ಚೀಲದ ಹೊರಗಿನ ಎಪಿಡ್ಯೂರಲ್ ಜಾಗಕ್ಕೆ ಹಾಕುತ್ತಾರೆ, ಅದೇ ತೇಪೆ. ವರ್ಷಗಟ್ಟಲೆ ಕಾಡುವ ಬೆನ್ನುನೋವನ್ನೂ ಈ ಸೂಜಿಯ ಲೆಕ್ಕಕ್ಕೇ ಬರೆಯುತ್ತಾರೆ. ಅದಕ್ಕೆ ಆಧಾರವಿಲ್ಲ. ಬೆನ್ನುನೋವು ಸಹಜ ಹೆರಿಗೆಯಾದವರಿಗೂ ಸಾಕಷ್ಟಿದೆ.

ಆದರೆ ಮನೆಗೆ ಹೋದ ಮೇಲೆ ತಲೆನೋವಿನ ಜೊತೆ ಜ್ವರ ಬಂದರೆ, ಕತ್ತು ಬಿಗಿದರೆ, ಒಂದು ವಸ್ತು ಎರಡಾಗಿ ಕಂಡರೆ, ಕಾಲಿನ ಬಲ ಕುಂದಿದರೆ ಅಥವಾ ಮೂತ್ರ ಕಟ್ಟಿದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಬನ್ನಿ.