ಇಲಿ ನೀರಿಗಿಳಿಯುವ ಮುನ್ನ

ಮಿದುಳಿಗೂ ನಡವಳಿಕೆಗೂ ಇರುವ ನಂಟನ್ನು ಓದುವ ವರ್ತನಾ ನರವಿಜ್ಞಾನದ ಪಿಎಚ್‌ಡಿಗೆ ಸೇರಿದ ಹೊಸಬರಿಗೆ ಎಲೆಕ್ಟ್ರೋಡು, ಮೈಕ್ರೋಸ್ಕೋಪು ಮುಟ್ಟುವ ಆತುರ. ಮೊದಲು ಕಲಿಯಬೇಕಾದ್ದು ಇಲಿ ಹಿಡಿಯುವುದನ್ನು. ಪ್ರಯೋಗಕ್ಕೆ ಮುಂಚೆ ಐದಾರು ದಿನ, ದಿನಕ್ಕೆ ಎರಡು ಮೂರು ನಿಮಿಷ ಪ್ರತಿ ಇಲಿಯನ್ನೂ ಅಂಗೈ ಮೇಲೆ ಕೂರಿಸಿಕೊಳ್ಳಿ. ಈ ಕೆಲಸ ತಪ್ಪಿಸಿದರೆ ನೀವು ಅಳೆಯುವುದು ನೆನಪನ್ನಲ್ಲ, ನಿಮ್ಮ ಕೈಯ ಭಯವನ್ನು. ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆಯಿಲ್ಲದೆ ಇದನ್ನೂ ಶುರುಮಾಡುವಂತಿಲ್ಲ. ಅರ್ಜಿಯಲ್ಲಿ ಎಷ್ಟು ಇಲಿ, ಯಾಕಷ್ಟು ಎಂಬುದಕ್ಕೆ ಲೆಕ್ಕ ಕೊಡಬೇಕು.

ಇಲಿಗೆ ಜಾಗ ನೆನಪಿರುತ್ತದೆಯೇ ಎಂದು ಅಳೆಯಲು ನರವಿಜ್ಞಾನಿ ರಿಚರ್ಡ್ ಮಾರಿಸ್ 1980ರ ದಶಕದ ಆರಂಭದಲ್ಲಿ ರೂಪಿಸಿದ ನೀರಿನ ತೊಟ್ಟಿಯ ಪರೀಕ್ಷೆ ನೋಡಲು ಸುಲಭ. ಇಲಿಗಾದರೆ ಸುಮಾರು ಒಂದೂವರೆ ಮೀಟರ್ ಅಗಲದ ದುಂಡು ತೊಟ್ಟಿ, 22ರಿಂದ 24 ಡಿಗ್ರಿ ನೀರು, ಮೇಲ್ಮೈಯಿಂದ ಒಂದೆರಡು ಸೆಂಟಿಮೀಟರ್ ಕೆಳಗೆ ಅಡಗಿದ, ಇಲಿ ಹುಡುಕಿ ಹತ್ತಿ ನಿಲ್ಲಬೇಕಾದ ಕಟ್ಟೆ. ದಿನಕ್ಕೆ ನಾಲ್ಕು ಸರದಿ, ಐದು ದಿನ. 60 ಸೆಕೆಂಡಿನಲ್ಲಿ ಕಟ್ಟೆ ಸಿಗದಿದ್ದರೆ ಕೈಯಿಂದ ದಾರಿ ತೋರಿಸಿ 15 ಸೆಕೆಂಡ್ ಅಲ್ಲೇ ಕೂರಿಸಿ. ಆರನೇ ದಿನ ಕಟ್ಟೆ ತೆಗೆದು ಇಲಿಯನ್ನು ನೀರಿಗೆ ಬಿಡಿ: ತೊಟ್ಟಿಯ ನಾಲ್ಕು ಭಾಗಗಳಲ್ಲಿ ಕಟ್ಟೆ ಇದ್ದದ್ದರಲ್ಲಿ ಒಟ್ಟು ಸಮಯದ ಕಾಲು ಪಾಲಿಗಿಂತ ಹೆಚ್ಚು ಹೊತ್ತು ಈಜಿದರೆ ಜಾಗ ನೆನಪಿದೆ.

ಎಡವುವುದು ಸಣ್ಣ ವಿಷಯಗಳಲ್ಲಿ. ಇಲಿ ಗೋಡೆಯ ಚಿತ್ರ, ಕಿಟಕಿ, ದೀಪಗಳನ್ನು ಗುರುತಿಟ್ಟುಕೊಳ್ಳುತ್ತದೆ. ನೀವು ದಿನಾ ಅದೇ ಮೂಲೆಯಲ್ಲಿ ಬಿಳಿ ಕೋಟು ಹಾಕಿ ನಿಂತರೆ ನೀವೂ ಒಂದು ಗುರುತೇ. ಒಂದು ದಿನ ಜಾಗ ಬದಲಿಸಿದಿರೋ, ಅಂದಿನ ಅಂಕಿ ಕೆಟ್ಟಂತೆ. ಕಟ್ಟೆ ಹುಡುಕುವ ಹೊತ್ತು ಕಡಿಮೆಯಾಯಿತೆಂದು ಹಿಗ್ಗಬೇಡಿ, ಇಲಿ ಬರೀ ವೇಗವಾಗಿ ಈಜಿರಬಹುದು. ಈಜಿದ ದೂರ, ವೇಗ ಎರಡನ್ನೂ ನೋಡಿ. ಅಂಚು ಹಿಡಿದೇ ಸುತ್ತುವುದನ್ನು ಬೇರೆ ಎಣಿಸಿ, ಅದು ಮರೆವಲ್ಲ, ಗಾಬರಿ. ಕಟ್ಟೆ ಎಲ್ಲಿದೆಯೆಂದು ಕಾಣುವಂತೆ ಅದರ ಮೇಲೆ ಬಾವುಟ ನೆಟ್ಟ ಸರದಿಯಲ್ಲೂ ತಡಕಾಡುವ ಇಲಿಯ ಕಣ್ಣೋ ಕಾಲೋ ಸರಿಯಿಲ್ಲದಿರಬಹುದು.

ಲೆಕ್ಕದ್ದು ಇನ್ನೊಂದು ಗೋಳು. ಹತ್ತು ಇಲಿ, ನಾಲ್ಕು ಸರದಿ ಎಂದರೆ ನಲವತ್ತು ಸ್ವತಂತ್ರ ಮಾದರಿಯಲ್ಲ, ಹತ್ತೇ. ಎಲ್ಲವೂ ಒಂದೇ ತಾಯಿಯ ಮರಿಗಳಾದರೆ ಹತ್ತೂ ಅಲ್ಲ. ಕಟ್ಟೆ ಸಿಗದ ಸರದಿಗೆಲ್ಲ 60 ಎಂದು ಬರೆದು ಸರಾಸರಿ ತೆಗೆಯುವುದೂ ಮೋಸದ್ದೇ: ನಿಜವಾದ ಹೊತ್ತು ಎಷ್ಟಾಗುತ್ತಿತ್ತೋ ಗೊತ್ತಿಲ್ಲ. ಔಷಧದ ಪರಿಣಾಮ ನೋಡುವ ಪ್ರಯೋಗವಾದರೆ, ಯಾವ ಇಲಿಗೆ ಔಷಧ, ಯಾವುದಕ್ಕೆ ಹೋಲಿಕೆಗಾಗಿ ಬರೀ ಉಪ್ಪುನೀರು ಎಂಬ ಪಟ್ಟಿ ಮಾತ್ರ ನಿಮಗೆ ಕಾಣದಂತೆ ಸಹಪಾಠಿಯ ಬೀರುವಿನಲ್ಲಿರಲಿ. ಕೊನೆಯ ವಿಡಿಯೊ ಅಳೆದು ಮುಗಿದ ಮೇಲೆ ಕೇಳಿ.